ತೇಪೆಯಣ್ಣನ ಮನೆಗೆ ಗಾಳಿ ಬಂದದ್ದು

ತೇಪೆಯಣ್ಣನಿಗೆ ಅವನ ಭಾವನ ಮೇಲೆ ಇವತ್ತಿಗೂ ಸಿಟ್ಟಿದೆ. ಮನೆ ಕಟ್ಟಿ ನಾಲ್ಕು ವರ್ಷವಾಯಿತು. ಆ ಭಾವ ವಾರಕ್ಕೆರಡು ಸಲ ಬಂದು, ಅದೇ ಮನೆಯಲ್ಲಿ ಕಾಲು ಚಾಚಿ ಕೂತು, ಎರಡೆರಡು ಲೋಟ ಟೀ ಕುಡಿದು ಹೋಗುತ್ತಾನೆ. ಇಬ್ಬರೂ ನಕ್ಕೊಂಡೇ ಮಾತಾಡುತ್ತಾರೆ. ಆದರೂ ಪಾಯಕ್ಕೆ ದಾರ ಕಟ್ಟಿದ ದಿನ ಭಾವ ಆಡಿದ ಮಾತು ಮುರಿದ ಮುಳ್ಳಿನ ಹಾಗೆ ಒಳಗೇ ಕೂತಿದೆ, ತೆಗೆಯಲು ಹೋದರೆ ಇನ್ನೂ ಆಳಕ್ಕೆ ಹೋಗುತ್ತದೆ.

ಭಾವ ಅಂದರೆ ಅಕ್ಕನ ಗಂಡ. ಗಾರೆ ಮೇಸ್ತ್ರಿ. ಮೂವತ್ತು ವರ್ಷ ಊರಿನವರ ಮನೆ ಕಟ್ಟಿದವನು. ಆ ದಿನ ಅವನು ನಕ್ಷೆಯ ಕಾಗದ ತಗೊಂಡ, ಒಂದು ಸಲ ನೆಟ್ಟಗೆ ನೋಡಿದ, ಒಂದು ಸಲ ತಲೆಕೆಳಗೆ ಮಾಡಿ ನೋಡಿದ. ಗೋಡೆಗೆ ಚಳಿ ಸೆಕೆ ತಡೆಯುವ ಒಂದು ಮೊಳ ದಪ್ಪದ ಹೊದಿಕೆ, ಎಲ್ಲೂ ಒಂದು ಸಂದಿಲ್ಲ, ಗಾಳಿ ನುಸುಳಲು ಸೂಜಿ ಮೊನೆಯಷ್ಟೂ ಜಾಗವಿಲ್ಲ. ಎಂಟು ಜನ ಕೆಲಸದವರು ಗುದ್ದಲಿ ಊರಿಕೊಂಡು ನಿಂತಿದ್ದರು. ಅವರೆಲ್ಲರ ಎದುರಿಗೆ ಭಾವ ಬಾಯಿಬಿಟ್ಟ.

"ಇದಕ್ಕೆ ಕಿಟಕಿ ಯಾಕಯ್ಯಾ? ಒಂದು ವಾಲ್ವ್ ಇಟ್ಟುಬಿಡು, ಸಾಕು. ದಿನಾ ಬೆಳಿಗ್ಗೆ ಪಂಪ್ ತಗೊಂಡು ಬಂದು ನಿಮ್ಮಿಬ್ಬರಿಗೂ ಗಾಳಿ ಹೊಡೆದು ಹೋಗ್ತೀನಿ."

ಎಂಟು ಜನ ನಕ್ಕದ್ದು ತೇಪೆಯಣ್ಣನಿಗೆ ಲೆಕ್ಕಕ್ಕಿಲ್ಲ. ಪಕ್ಕದಲ್ಲಿ ನೀರಿನ ಕೊಡ ಹಿಡಿದು ನಿಂತಿದ್ದ ಅಕ್ಕನೂ ನಕ್ಕಳು. ಒಡಹುಟ್ಟಿದವಳು! ಅದೇ ನುಂಗಲಾಗದ್ದು.

ಅವನಿಗೆ ತೇಪೆಯಣ್ಣ ಎನ್ನುವ ಹೆಸರು ಬಂದದ್ದು ಅಂಗಡಿಯಿಂದ. ಬಸ್ಸು ತಿರುಗುವ ಮೂಲೆಯಲ್ಲಿ ಅವನ ಪಂಕ್ಚರ್ ಅಂಗಡಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದು ಅಲ್ಲಿ ಕೂತವನು ಮತ್ತೆ ಎದ್ದಿಲ್ಲ. ಸೈಕಲ್ಲಿನಿಂದ ಲಾರಿಯವರೆಗೆ ಯಾವ ಟ್ಯೂಬು ಕೊಟ್ಟರೂ ಕೆನ್ನೆಯ ಹತ್ತಿರ ಹಿಡಿದು ಒಂದು ಸುತ್ತು ತಿರುಗಿಸುತ್ತಾನೆ. ಎಲ್ಲಿ ಸೋರುತ್ತಿದೆ ಅನ್ನುವುದು ಚರ್ಮಕ್ಕೇ ಗೊತ್ತಾಗುತ್ತದೆ. ನೀರಿನ ಬಕೆಟ್ಟು ಗಿರಾಕಿಗೆ ತೋರಿಸಲು ಮಾತ್ರ. ಅವನು ಹಾಕಿದ ತೇಪೆ ಬಿಟ್ಟಿತು ಎಂದು ವಾಪಸ್ಸು ಬಂದವರು ಯಾರೂ ಇಲ್ಲ. ಒಬ್ಬ ಬಂದಿದ್ದನಂತೆ, ನೋಡಿದರೆ ಬೇರೆ ಜಾಗದಲ್ಲಿ ಹೊಸ ಮೊಳೆ ಚುಚ್ಚಿತ್ತು. ಅವನಿಗೆ ಬಿದ್ದ ಬೈಗುಳ ಎದುರಿನ ಔಷಧಿ ಅಂಗಡಿಯವರೆಗೂ ಕೇಳಿಸಿತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಮನುಷ್ಯ.

ಹೆಂಡತಿ ಟೈಲರ್. ಇಬ್ಬರೂ ಹದಿನೆಂಟು ವರ್ಷ ಒಂದು ಲಾಂಡ್ರಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಕಳೆದರು. ಕೆಳಗಿನಿಂದ ಇಸ್ತ್ರಿಯ ಹಬೆ ಮೇಲಕ್ಕೆ ಬರುತ್ತಿತ್ತು, ಗೋಡೆಯ ಮೂಲೆಗಳಲ್ಲಿ ಕಪ್ಪು ಬೂಷ್ಟು. ಚಳಿಗಾಲದಲ್ಲಿ ಕಿಟಕಿಯ ಸಂದಿಗಳಿಗೆ ಚಿಂದಿ ತುರುಕಬೇಕು, ಹೀಟರು ಹಗಲು ರಾತ್ರಿ ಉರಿಯಬೇಕು. ಬೇಸಿಗೆಯಲ್ಲಿ ಚಾವಣಿ ಕಾದ ಕಾವಲಿ. ಕಿಟಕಿ ತೆರೆದರೆ ಲಾರಿಗಳ ಧೂಳು ಬಂದು ಹೊಲಿಯುತ್ತಿದ್ದ ಬಿಳಿ ಬಟ್ಟೆಯ ಮೇಲೆ ಕೂರುತ್ತಿತ್ತು. ಆದರೂ ಅವಳು ಕಿಟಕಿ ತೆರೆಯುತ್ತಿದ್ದಳು, ಚಳಿಯಿರಲಿ ಮಳೆಯಿರಲಿ, ಒಂದು ಗೇಣು.

ಅದಕ್ಕೆ ಕಾರಣವಿತ್ತು. ಏಳು ವರ್ಷದವಳಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತಾ ಯಾರದೋ ಮನೆಯ ಉಗ್ರಾಣದಲ್ಲಿ ಬಚ್ಚಿಟ್ಟುಕೊಂಡಿದ್ದಳು. ಹೊರಗಿನ ಚಿಲಕ ತಾನಾಗಿ ಬಿತ್ತು. ಅವಳನ್ನು ಹುಡುಕಿ ತೆಗೆದದ್ದು ಸಂಜೆಗೆ. ಅವತ್ತಿನಿಂದ ಮುಚ್ಚಿದ ಜಾಗ ಅಂದರೆ ಅವಳಿಗೆ ಆಗುವುದಿಲ್ಲ.

ಇದು ಗೊತ್ತಿದ್ದೂ ತೇಪೆಯಣ್ಣನ ತಲೆಗೆ ಆ ಹುಳ ಹೊಕ್ಕಿತು. ಹೊಕ್ಕಿದ್ದು ಒಂದು ತಂಪು ಲಾರಿಯಿಂದ. ತರಕಾರಿ ಸಾಗಿಸುವ ಲಾರಿ ಟಯರು ಬದಲಿಸಲು ಬಂದು ನಿಂತಿತ್ತು, ಡ್ರೈವರು ಹಿಂದಿನ ಬಾಗಿಲು ತೆರೆದು ತೋರಿಸಿದ. ದಪ್ಪ ಗೋಡೆ, ಬಾಗಿಲ ಸುತ್ತ ರಬ್ಬರು, ಒಳಗೆ ಆಲೂಗಡ್ಡೆ ಮೂಟೆ. "ಒಂದು ಸಲ ತಂಪು ಮಾಡಿದ್ರೆ ದಿನವೆಲ್ಲ ಹಾಗೇ ಇರುತ್ತೆ ಅಣ್ಣಾ, ಹೊರಗೆ ಬೆಂಕಿ ಸುರಿದ್ರೂ ಇವಕ್ಕೆ ಗೊತ್ತಾಗಲ್ಲ" ಎಂದ. ಅವತ್ತು ಮನೆಗೆ ಬಂದ ತೇಪೆಯಣ್ಣ ಚಪ್ಪಲಿ ಕೂಡ ಬಿಡಲಿಲ್ಲ.

"ಲೇ, ಆಲೂಗಡ್ಡೆಗೆ ಇರೋ ಭಾಗ್ಯ ನಿನಗ್ಯಾಕಿಲ್ಲ?"

"ಏನ್ರೀ?"

"ಹಾಗೇ ಒಂದು ಮನೆ ಕಟ್ತೀನಿ. ಚಳಿ ಇಲ್ಲ, ಸೆಕೆ ಇಲ್ಲ, ಧೂಳಿಲ್ಲ, ಹೀಟರಿಲ್ಲ."

"ಆಲೂಗಡ್ಡೆ ಕಿಟಕಿ ಕೇಳಲ್ಲ ರೀ, ನಾನು ಕೇಳ್ತೀನಿ."

ವಾರಗಟ್ಟಲೆ ಜಗಳವಾಯಿತು. ಕೊನೆಗೆ ಅವಳೇ ಒಂದು ಮಾತಿಗೆ ಬಂದಳು. "ಆಯ್ತು, ಕಟ್ಟಿ. ಮುಗಿದ ಮೇಲೆ ಕಿಟಕಿ ಮುಚ್ಚಿ, ರೂಮಿನ ಬಾಗಿಲು ಹಾಕ್ಕೊಂಡು, ಊಟ ಆದಾಗಿಂದ ಸಂಜೆ ಟೀವರೆಗೆ ಕೂತು ನೋಡ್ತೀನಿ. ಉಸಿರು ಕಟ್ಟಲಿಲ್ಲ ಅಂದ್ರೆ ಮಾರನೇ ದಿನ ಮೆಷೀನ್ ತಂದು ಹಾಕ್ತೀನಿ. ಕಟ್ತು ಅಂದ್ರೆ ನಾನು ಲಾಂಡ್ರಿ ಮೇಲೇ ಇರ್ತೀನಿ, ನೀವು ನಿಮ್ಮ ಆಲೂಗಡ್ಡೆ ಜೊತೆ ಸಂಸಾರ ಮಾಡಿ."

ಇದು ತಮಾಷೆಯಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳು ಮಾತು ಕೊಟ್ಟರೆ ಕೊಟ್ಟಳು. ಬಟ್ಟೆ ಕೊಡುವ ದಿನ ತಪ್ಪಿಸಿದ ಟೈಲರಲ್ಲ ಅವಳು. ಮನೆ ಎಷ್ಟೇ ಬೆಚ್ಚಗಿರಲಿ, ಅವಳು ಬರಲಿಲ್ಲವೆಂದರೆ ಅದು ಬರೀ ಡಬ್ಬಿ.

ಹಾಗಾಗಿ ಇಡೀ ಮನೆಯಲ್ಲಿ ತೇಪೆಯಣ್ಣನ ತಲೆ ತಿಂದದ್ದು ಗೋಡೆಯಲ್ಲ, ಚಾವಣಿಯಲ್ಲ, ಕಣ್ಣಿಗೆ ಕಾಣದ ಗಾಳಿ. ಭಾವ ಹೇಳಿದ್ದು, "ಕಿಟಕಿ ಇಡು, ಸಂದಿ ಬಿಡು. ನಾನು ಕಟ್ಟಿದ ಮನೆಗಳಲ್ಲಿ ಬಾಗಿಲ ಕೆಳಗೆ ಬೆಕ್ಕು ನುಗ್ಗುತ್ತೆ, ಒಬ್ಬರಾದ್ರೂ ಉಸಿರುಗಟ್ಟಿ ಸತ್ತಿದ್ದಾರಾ?" ಕಿಟಕಿ ತೆರೆದಿಟ್ಟರೆ ಲಾರಿಯ ಧೂಳೂ ಚಳಿಯೂ ಒಳಗೆ, ಮೊಳ ದಪ್ಪದ ಹೊದಿಕೆ ದಂಡ. ಫ್ಯಾನ್ ಅಂಗಡಿಯವನು ಬೇರೆ ದಾರಿ ತೋರಿಸಿದ. ಅಡುಗೆಮನೆಗೆ, ಬಚ್ಚಲಿಗೆ ಒಂದೊಂದು ಹೊರದಬ್ಬುವ ಫ್ಯಾನು, ಮಲಗುವ ಕೋಣೆಗಳ ಗೋಡೆಗೆ ಒಂದೊಂದು ತೂತು. ಅಗ್ಗ, ಸುಲಭ. ತೇಪೆಯಣ್ಣ ಆ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಅಂಥ ತೂತಿನ ಕೆಳಗೆ ತಲೆ ಕೊಟ್ಟು ಹತ್ತು ನಿಮಿಷ ಕೂತ. ಚಳಿಗಾಳಿ ನೆತ್ತಿಗೇ ಸುರಿಯಿತು.

"ದುಡ್ಡು ಕೊಟ್ಟು ಗೋಡೆ ಬೆಚ್ಚಗೆ ಮಾಡಿ, ಅದೇ ಬಿಸೀನ ದುಡ್ಡು ಕೊಟ್ಟು ಹೊರಗೆ ತಳ್ಳಬೇಕಾ? ಯಾವನಯ್ಯಾ ನಿನಗೆ ವ್ಯಾಪಾರ ಕಲಿಸಿದ್ದು!"

ಅಂಗಡಿಯವನೂ ಸುಮ್ಮನಿರಲಿಲ್ಲ. "ಟ್ಯೂಬಿಗೆ ತೂತು ಮುಚ್ಚೋನಿಗೆ ಗೋಡೆಗೆ ತೂತು ಇಡಿ ಅಂದ್ರೆ ಹೊಟ್ಟೆ ಉರಿಯುತ್ತೆ, ನನಗೆ ಗೊತ್ತು" ಎಂದ. ಆ ಅಂಗಡಿಯ ಮುಂದೆ ಹಾಯುವುದನ್ನು ತೇಪೆಯಣ್ಣ ಆರು ತಿಂಗಳು ಬಿಟ್ಟಿದ್ದ.

ದಾರಿ ತೋರಿಸಿದವನು ಟಾಕೀಸ್ ತಾತ. ಹಿಂದಿನ ಬೀದಿಯಲ್ಲಿ ಒಂದು ಟಾಕೀಸು ಇತ್ತು, ಮುಚ್ಚಿ ವರ್ಷಗಳಾದವು. ಅದರಲ್ಲಿ ಪರದೆಯ ಹಿಂದಿನ ನೆಲಮಾಳಿಗೆಯಲ್ಲಿ ಗಾಳಿಯ ಯಂತ್ರ ನೋಡಿಕೊಳ್ಳುತ್ತಾ ಮೂವತ್ತೊಂದು ವರ್ಷ ಕಳೆದ ಮುದುಕ. ಸೈಕಲ್ಲಿಗೆ ಗಾಳಿ ಹಾಕಿಸಿಕೊಳ್ಳಲು ಬಂದವನು ತೇಪೆಯಣ್ಣನ ಗೋಳು ಕೇಳಿ ಸ್ಟೂಲೆಳೆದು ಕೂತ.

"ಎಂಟುನೂರು ಜನ, ಮೂರು ಗಂಟೆ, ಒಂದು ಕಿಟಕಿ ಇಲ್ಲ. ಒಬ್ಬನಿಗೂ ತಲೆ ಸುತ್ತಿಲ್ಲ. ಸುತ್ತಿದ್ರೆ ಅದು ಸಿನಿಮಾದಿಂದ."

"ಹೇಗೆ ತಾತ?"

"ಗಾಳಿ ತರೋದು ದೊಡ್ಡದಲ್ಲ ಕಣೋ. ಒಂದು ಕಡೆ ಬರೋಕೆ ಬಾಯಿ, ಇನ್ನೊಂದು ಕಡೆ ಹೋಗೋಕೆ ಬಾಯಿ, ಎರಡೂ ಸಮ ಇರಬೇಕು. ಈಗ ನಿನ್ನಂಥ ಮನೆಗೆ ಒಂದು ಪೆಟ್ಟಿಗೆ ಬಂದಿದೆ. ಒಳಗಿನ ಹಳೇ ಗಾಳಿ ಹೊರಗೆ ಹೋಗ್ತಾ ತನ್ನ ಬಿಸಿ ಬಿಟ್ಟು ಹೋಗುತ್ತೆ, ಹೊಸ ಗಾಳಿ ಬರ್ತಾ ಅದನ್ನ ಎತ್ಕೊಂಡು ಬರುತ್ತೆ. ಬಿಸಿ ಹಾಲಿನ ಲೋಟಾನ ತಣ್ಣೀರಿನ ಪಾತ್ರೇಲಿ ಇಡ್ತೀವಲ್ಲ, ಹಾಗೆ. ಹಾಲು ನೀರು ಬೆರೆಯಲ್ಲ, ಬಿಸಿ ಮಾತ್ರ ದಾಟುತ್ತೆ."

ತೇಪೆಯಣ್ಣ ಸ್ಪ್ಯಾನರು ಕೆಳಗಿಟ್ಟ. ಅವನು ಸ್ಪ್ಯಾನರನ್ನು ಎಸೆಯದೆ ಇಟ್ಟದ್ದನ್ನು ಅವತ್ತೇ ಮೊದಲು ನೋಡಿದೆ ಎಂದು ಔಷಧಿ ಅಂಗಡಿಯವನು ಆಮೇಲೆ ಹೇಳುತ್ತಿದ್ದ.

ಪೆಟ್ಟಿಗೆ ಬಂತು. ಅದರ ಹಿಂದೆ ತಲೆನೋವೂ ಸಾಲುಗಟ್ಟಿ ಬಂತು. ಪೆಟ್ಟಿಗೆಯಿಂದ ಕೋಣೆ ಕೋಣೆಗೆ ಚಾವಣಿಯೊಳಗೆ ಕೊಳವೆ ಎಳೆಯಬೇಕು. ತೇಪೆಯಣ್ಣ ಯಾರನ್ನೂ ಕೇಳದೆ ಸಣ್ಣದು, ಸುಕ್ಕು ಸುಕ್ಕಾದದ್ದು ತಂದು ಎರಡು ಕೋಣೆಗೆ ಎಳೆದುಬಿಟ್ಟ. ಒಂದು ಫ್ಯಾನು ಕಟ್ಟಿ ಊದಿಸಿದರೆ ಕುಯ್ಯೋ ಎಂದು ಒಂದೇ ಸಮನೆ ಸದ್ದು. ತಾತ ಬಂದು ಕಿವಿಯ ಮೇಲೆ ಕೈ ಇಟ್ಟುಕೊಂಡ. "ಇದು ಮನೆಯೋ ಕೊಳಲೋ? ಸಣ್ಣ ಗಂಟಲಲ್ಲಿ ಜಾಸ್ತಿ ಗಾಳಿ ನುಗ್ಗಿಸಿದ್ರೆ ಕಿರುಚದೆ ಏನು ಮಾಡುತ್ತೆ? ಕೀಳು." ಕಿತ್ತ. ಒಳಗೆ ನಯವಾದ, ತೊಡೆ ಗಾತ್ರದ ಕೊಳವೆ ತಂದರೆ ದಾರಿಗೆ ಅಡ್ಡ ಭಾವನ ತೊಲೆ.

"ತೊಲೆಗೆ ಒಂದು ತೂತು ಕೊರೆದ್ರಾಯ್ತು ಭಾವ."

"ನಿನ್ನ ಬೆನ್ನುಮೂಳೆಗೆ ಮೊದಲು ಕೊರೆಯೋಣ, ಆಮೇಲೆ ತೊಲೆಗೆ."

ಭಾವ ತೊಲೆಯ ಕೆಳಗೆ ಕುರ್ಚಿ ಹಾಕಿಕೊಂಡು ಮಧ್ಯಾಹ್ನವೆಲ್ಲ ಕಾವಲು ಕೂತ. ಕೊನೆಗೆ ಕೊಳವೆ ಬಟ್ಟೆಯ ಬೀರುವಿನ ಮೇಲಿನ ಅರೆಯಲ್ಲಿ ಹಾಯಿತು. ಹೆಂಡತಿಗೆ ಒಂದು ಅರೆ ಹೋಯಿತು, ಅವಳು ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು.

ಆಮೇಲೆ ಬಡಗಿ. ಕೋಣೆಯ ಬಾಗಿಲು ಮುಚ್ಚಿದ್ದರೂ ಗಾಳಿ ಕೋಣೆಯಿಂದ ನಡುಮನೆಗೆ, ಅಲ್ಲಿಂದ ಅಡುಗೆಮನೆಯ ಜಾಲರಿಗೆ ಹರಿಯಬೇಕು, ಅದಕ್ಕೆ ಪ್ರತಿ ಒಳಬಾಗಿಲಿನ ಕೆಳಗೆ ಒಂದು ಬೆರಳಿನಷ್ಟು ಕತ್ತರಿಸು ಎಂದು ತಾತ ಹೇಳಿದ್ದ. ಕೂದಲೆಳೆಯಷ್ಟೂ ಬಿಡದೆ ಬಾಗಿಲು ಕೂರಿಸಿದ್ದ ಬಡಗಿಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ನಾನು ಕೂರಿಸಿದ ಬಾಗಿಲಿಗೆ ನಾನೇ ಗರಗಸ ಹಾಕೋದಾ? ನೀವೇ ಹಾಕ್ಕೊಳ್ಳಿ" ಎಂದು ಗರಗಸ ನೆಲಕ್ಕಿಟ್ಟು ಹೊರಟ. ಅವನಿಗೆ ಮೂರು ದಿನ ಟೀ ಕುಡಿಸಿ ಕರೆತರಬೇಕಾಯಿತು.

ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವನು ವೈರಿಂಗ್ ಮಾಡುವವನು. ಅವನು ಗೋಡೆಗೆ ಒಂದೊಂದು ತೂತು ಕೊರೆದಾಗಲೂ ತೇಪೆಯಣ್ಣ ಸೀಮೆಸುಣ್ಣದಿಂದ ಅದರ ಸುತ್ತ ಗುಂಡಗೆ ಗೆರೆ ಹಾಕಿ, "ಇನ್ನೊಂದು ಪಂಕ್ಚರ್!" ಎಂದು ಕೂಗುತ್ತಿದ್ದ. ಐವತ್ತನೆಯದಕ್ಕೆ ಅವನು ತಿರುಗಿಬಿದ್ದ. "ಅಣ್ಣಾ, ನಾನು ಕರೆಂಟಿನವನು. ರಸ್ತೆ ಮೇಲಿನ ಮೊಳೆ ಅಲ್ಲ."

ಆದರೆ ತೂತು ಮುಚ್ಚುವುದರಲ್ಲಿ ತೇಪೆಯಣ್ಣನನ್ನು ಸರಿಗಟ್ಟುವವರು ಯಾರು? ವೈರು ಹೊಕ್ಕಲ್ಲಿ, ನಲ್ಲಿ ಹೊಕ್ಕಲ್ಲಿ, ಚೌಕಟ್ಟಿನ ಮೂಲೆಯಲ್ಲಿ ಕೆನ್ನೆ ಇಟ್ಟು, ಸಾಬೂನು ನೀರು ಚಿಮುಕಿಸಿ, ಗುಳ್ಳೆ ಎದ್ದ ಕಡೆ ಅರದಿಂದ ಉಜ್ಜಿ, ಸಲ್ಯೂಷನ್ ಅಂಟು ಹಚ್ಚಿ, ಊದಿ, ಕಾದು, ರಬ್ಬರು ಒತ್ತಿ, ಮುಷ್ಟಿಯಿಂದ ಎರಡು ಗುದ್ದು. ರಾತ್ರಿ ಊಟಕ್ಕೆ ಕೂತರೆ ಬೆರಳಿನಿಂದ ಅನ್ನಕ್ಕೂ ಸಲ್ಯೂಷನ್ ವಾಸನೆ.

ಮನೆ ಸೋರುತ್ತದೋ ಇಲ್ಲವೋ ಎಂದು ಅಳೆಯಲು ಒಬ್ಬಳು ಮೇಡಂ ಬಂದಳು. ಮುಂಬಾಗಿಲಿಗೆ ಒಂದು ಬಟ್ಟೆಯ ಪರದೆ ಬಿಗಿದು ಅದರಲ್ಲಿ ದೊಡ್ಡ ಫ್ಯಾನು ಕೂರಿಸಿದಳು. ಅದು ಮನೆಯ ಗಾಳಿ ಎಳೆಯುತ್ತದೆ, ಎಲ್ಲಿಂದ ಎಷ್ಟು ಸೋರಿ ಒಳಗೆ ಬರುತ್ತದೆ ಎಂದು ಮೀಟರು ಹೇಳುತ್ತದೆ.

"ಹೊರಗೆ ಸೂರಿನ ಕೆಳಗೆ ಪೆಟ್ಟಿಗೆಯ ಎರಡು ಬಾಯಿ ಇವೆಯಲ್ಲ, ಇವತ್ತಿಗೆ ಮಾತ್ರ ಅವನ್ನ ಮುಚ್ಚಿ. ಟೇಪ್ ಅಂಟಿಸಿದ್ರೆ ಸಾಕು, ಆಮೇಲೆ ಕಿತ್ತುಬಿಡಿ" ಎಂದಳು.

ಟೇಪು! ಇಪ್ಪತ್ತಾರು ವರ್ಷದ ಕಸುಬುದಾರನಿಗೆ ಟೇಪು! ಇವತ್ತಿಗೆ ಮಾತ್ರ ಅನ್ನುವ ತೇಪೆ ಅವನ ಅಂಗಡಿಯಲ್ಲಿಲ್ಲ. ಭಾವನ ಏಣಿ ಹತ್ತಿ, ಲಾರಿ ಟ್ಯೂಬಿನಿಂದ ತಟ್ಟೆಯಗಲದ ಎರಡು ತುಂಡು ಕತ್ತರಿಸಿ, ಅರ ಹಾಕಿ, ಸಲ್ಯೂಷನ್ ಹಚ್ಚಿ, ಎರಡೂ ಬಾಯಿಗೆ ಒತ್ತಿ ಗುದ್ದಿದ. ಆನೆ ಎಳೆದರೂ ಬರದ ಹಾಗೆ.

ಫ್ಯಾನು ತಿರುಗಿತು. ಮೇಡಂ ಮೀಟರು ನೋಡಿದಳು. ಆರಿಸಿದಳು. ಮತ್ತೆ ಹಾಕಿದಳು. ಮೀಟರಿನ ವೈರು ಕಿತ್ತು ಮತ್ತೆ ಸಿಕ್ಕಿಸಿದಳು.

"ಏನಾಯ್ತಮ್ಮಾ? ಫೇಲಾ?"

"ಇಲ್ಲ ಸಾರ್. ಮೀಟರ್ ಕೆಟ್ಟಿದೆಯೇನೋ ಅಂದ್ಕೊಂಡೆ. ಇಷ್ಟು ಎಳೆದ್ರೂ ಗಂಟೆಗೆ ಅರ್ಧ ಮನೆಯ ಗಾಳಿ ಕೂಡ ಬದಲಾಗ್ತಿಲ್ಲ. ಇಷ್ಟು ಬಿಗಿಯಾದ ಮನೆ ನಾನು ಅಳೆದಿಲ್ಲ. ಯಾವ ಕಂಪನಿ ಕೆಲಸ?"

"ಬಸ್ಸು ತಿರುಗೋ ಮೂಲೆ ಕಂಪನಿ" ಎಂದ ತೇಪೆಯಣ್ಣ. ಆ ಸಂಜೆ ಅಂಗಡಿಗೆ ಬಂದ ಸೈಕಲ್ಲಿಗೆಲ್ಲ ಪುಕ್ಕಟೆ ಗಾಳಿ.

ಮಾರನೆಯ ದಿನ ಏಣಿ ಹತ್ತಿ ತೇಪೆ ಕೀಳಲು ಕೂತ. ತನ್ನ ಕೆಲಸವನ್ನು ತಾನೇ ಕೀಳುವುದು ಅವನಿಗೆ ಅಭ್ಯಾಸವಿರಲಿಲ್ಲ. ಹೊರಗೆ ಬಿಡುವ ಬಾಯಿಯದನ್ನು ಬ್ಲೇಡಿನಿಂದ ಎಬ್ಬಿಸಲು ಒಂದು ಗಂಟೆ ಹಿಡಿಯಿತು. ಇನ್ನೊಂದಕ್ಕೆ ಏಣಿ ಸರಿಸಬೇಕು ಅನ್ನುವಷ್ಟರಲ್ಲಿ ಅಂಗಡಿಯಿಂದ ಫೋನು: ಟಯರು ಒಡೆದ ಲಾರಿ ರಸ್ತೆಗೆ ಅಡ್ಡ ನಿಂತಿದೆ. ಓಡಿದ. ಸಂಜೆ ಭಾವ ಬಂದು ಏಣಿಯನ್ನು ಬೇರೆ ಕೆಲಸಕ್ಕೆ ಸಾಗಿಸಿದ. ಒಳಗೆ ತರುವ ಬಾಯಿ ಮುಚ್ಚಿಕೊಂಡೇ ಉಳಿಯಿತು. ತೇಪೆಯಣ್ಣನ ತಲೆಯಲ್ಲಿ ಮಾತ್ರ ತೇಪೆ ಕಿತ್ತ ಕೆಲಸ ಮುಗಿದಿತ್ತು.

ಮುಂದಿನ ಭಾನುವಾರ ಪರೀಕ್ಷೆ, ಹೆಂಡತಿಯದು. ತೇಪೆಯಣ್ಣ ಹುಮ್ಮಸ್ಸಿನಲ್ಲಿ ಬಂಧುಬಳಗ, ಬಡಗಿ, ವೈರಿಂಗಿನವನು, ತಾತ ಎಂದು ಇಪ್ಪತ್ತೆರಡು ಜನರನ್ನು ಊಟಕ್ಕೆ ಕರೆದುಬಿಟ್ಟ. ಹೊರಗೆ ಹಲ್ಲು ಕಟಕಟಿಸುವ ಚಳಿಗಾಳಿ. ಊಟ ಮುಗಿಯಿತು. ಹೆಂಡತಿ ಪರದೆ ಬಟ್ಟೆಯ ಚೀಲ ಎತ್ತಿಕೊಂಡು ಒಳಕೋಣೆಗೆ ಹೋದಳು. ಬಾಗಿಲು ಹಾಕಿಕೊಳ್ಳುವ ಮೊದಲು ಗಂಡನ ಮುಖ ಒಂದು ಸಲ ನೋಡಿದಳು. ತೇಪೆಯಣ್ಣ ಮೊದಲ ಸಲ ಪೆಟ್ಟಿಗೆಯ ಸ್ವಿಚ್ಚು ಒತ್ತಿದ. ಸಣ್ಣಗೆ ಗುಂಯ್ ಎಂದಿತು.

"ಕೇಳಿ! ಸದ್ದಿದೆಯಾ? ಹೇಳಿ ನೋಡೋಣ!"

ಮೊದಲ ಕಾಲು ಗಂಟೆ ಎಲ್ಲರೂ ಹೊಗಳಿದರು. ಆಮೇಲೆ ವೈರಿಂಗಿನವನು ಆಕಳಿಸಿದ. ಅವನನ್ನು ನೋಡಿ ಬಡಗಿ. ಕಿಟಕಿಯ ಗಾಜಿನ ಅಂಚಿನಲ್ಲಿ ಮಂಜು ಕೂತಿತು. ಹುರಿದ ಈರುಳ್ಳಿಯ ವಾಸನೆ ಎದ್ದು ಹೋಗದ ನೆಂಟನ ಹಾಗೆ ನಡುಮನೆಯಲ್ಲೇ ನಿಂತಿತು. ಅಕ್ಕ ಒಂದು ತಟ್ಟೆ ತಗೊಂಡು ಬೀಸಿಕೊಂಡಳು. ತೇಪೆಯಣ್ಣನ ಕತ್ತಿನಲ್ಲೂ ಬೆವರಿತ್ತು, ಆದರೆ ಒರೆಸಿಕೊಂಡರೆ ಒಪ್ಪಿಕೊಂಡಂತೆ ಎಂದು ಒರೆಸಲಿಲ್ಲ.

ಭಾವ ಎದ್ದ. "ಊಟ ಜಾಸ್ತಿ ಆಯ್ತು. ಹೊರಗೆ ಒಂದು ಸುತ್ತು ಹಾಕಿ ಬರ್ತೀನಿ."

ಮುಂಬಾಗಿಲು ಹೊರಕ್ಕೆ ತೆರೆಯುವಂಥದ್ದು. ಭಾವ ತಳ್ಳಿದ. ಬರಲಿಲ್ಲ. ಹೆಗಲು ಕೊಟ್ಟ. ಬರಲಿಲ್ಲ.

"ಬೀಗ ಹಾಕಿದ್ದೀಯೇನಯ್ಯಾ?"

"ಇಲ್ಲ ಭಾವ, ಚಿಲಕ ಕೂಡ ಹಾಕಿಲ್ಲ!"

ಬೀಗದ ತೂತು ಸುಂಯ್ ಎಂದು ಶಿಳ್ಳೆ ಹೊಡೆಯುತ್ತಿತ್ತು. ಯಾರೋ ಗಾಬರಿಯಲ್ಲಿ ಗಟ್ಟಿಯಾಗಿ ಕೂಗಿದರು, "ಬಾಗಿಲು ತೆರೀತಿಲ್ಲ!"

ಆ ಮಾತು ಮನೆಯೆಲ್ಲ ಕೇಳಿಸಿತು. ಒಳಕೋಣೆಯ ಬಾಗಿಲು ತೆರೆದುಕೊಂಡಿತು. ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಳು, ತುಟಿ ಬಿಳುಚಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ತೇಪೆಯಣ್ಣ ಆ ಏಳು ವರ್ಷದ ಹುಡುಗಿಯನ್ನು ಬರೀ ಕತೆಯಲ್ಲಿ ಕೇಳಿದ್ದ. ಈಗ ಎದುರಿಗೇ ಕಂಡ. ಮನೆ ಹಾಳಾಗಲಿ, ಹೊದಿಕೆ ಹಾಳಾಗಲಿ! ಸ್ಟೂಲು ಎತ್ತಿ ಕಿಟಕಿಯ ಗಾಜಿನ ಕಡೆ ಬೀಸಲು ಹೊರಟೇಬಿಟ್ಟ.

"ಸ್ಟೂಲ್ ಕೆಳಗಿಡಿ ರೀ. ಗಾಜು ಪುಕ್ಕಟೆ ಬಂದಿದ್ದಾ?"

ಅವಳ ದನಿ ನಡುಗುತ್ತಿತ್ತು, ಆದರೆ ಮಾತು ಅವಳದೇ. ಕೈಯಲ್ಲಿ ಸೂಜಿ, ಸೂಜಿಯಿಂದ ಒಂದು ಮೊಳ ದಾರ ಜೋತಾಡುತ್ತಿತ್ತು. "ಅರ್ಧ ಗಂಟೆಯಿಂದ ಹೊರಗೆ ಬರೋಣ ಅಂದ್ಕೊಳ್ತಿದ್ದೆ. ಬರೋ ಮೊದಲು ತಪ್ಪು ಎಲ್ಲಿದೆ ಅಂತ ನೋಡೋಣ ಅಂತ ಕೂತೆ. ಆ ಸ್ಟೂಲ್ ಇಲ್ಲಿ ಕೊಡಿ."

ಹತ್ತಿ ನಿಂತು ನಡುಮನೆಯ ಚಾವಣಿಯ ಜಾಲರಿಯ ಕೆಳಗೆ ದಾರ ಹಿಡಿದಳು. ಹೊಸ ಗಾಳಿ ಬರಬೇಕಾದ ಜಾಲರಿ ಅದು. ದಾರ ನೆಟ್ಟಗೆ ಇಳಿಬಿದ್ದಿತು, ಕದಲಲಿಲ್ಲ. "ರೂಮಲ್ಲೂ ಹೀಗೇ, ಸತ್ತ ಹಾಗಿದೆ." ಇಳಿದು ಅಡುಗೆಮನೆಗೆ ಹೋದಳು, ಇಪ್ಪತ್ತೆರಡು ಜನವೂ ಹಿಂದೆ. ಅಲ್ಲಿ ಹಳೆಯ ಗಾಳಿ ಎಳೆದುಕೊಳ್ಳುವ ಜಾಲರಿ. ದಾರದ ತುದಿ ಕೊಂಚ ಮೇಲೆದ್ದಿತು. ಕೊನೆಗೆ ಮುಂಬಾಗಿಲಿಗೆ ಬಂದು ಬೀಗದ ತೂತಿಗೆ ಹಿಡಿದಳು. ದಾರ ಚಾಟಿಯ ಹಾಗೆ ಅವಳ ಕಡೆ ಹಾರಿತು.

"ನಿಮ್ಮ ಮನೆ ಹೊರಗೆ ಬಿಡ್ತಾ ಇದೆ, ಒಳಗೆ ತಗೊಳ್ತಾ ಇಲ್ಲ. ಅದಕ್ಕೇ ಬಾಗಿಲನ್ನ ಒಳಗೆ ಹಿಡ್ಕೊಂಡಿದೆ. ಮೊದಲು ಮೆಷೀನ್ ಆರಿಸಿ."

ತೇಪೆಯಣ್ಣ ಓಡಿ ಸ್ವಿಚ್ಚು ಆರಿಸಿದ. ಭಾವ ಇನ್ನೂ ಬಾಗಿಲಿಗೆ ಹೆಗಲು ಕೊಟ್ಟೇ ನಿಂತಿದ್ದ. ಬಾಗಿಲು ಥಟ್ಟನೆ ಬಿಟ್ಟುಕೊಂಡಿತು. ಭಾವ ಮೆಟ್ಟಿಲಿನಾಚೆ, ಅಂಗಳದ ಮರಳಿನ ಗುಡ್ಡೆಯ ಮೇಲೆ ಹೋಗಿ ಕೂತ. ಅಕ್ಕ ಮೊದಲು ನಕ್ಕಳು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ.

"ಸೂರಿನ ಕೆಳಗೆ ತೇಪೆ ಹಾಕಿದ್ರಲ್ಲ, ತೆಗೆದ್ರಾ?" ಹೆಂಡತಿ ಕೇಳಿದಳು.

"ತೆಗೆದೆ! ಒಂದು ಗಂಟೆ ಬ್ಲೇಡ್ ಹಿಡಿದು..." ತೇಪೆಯಣ್ಣ ಅಲ್ಲಿಗೇ ನಿಂತ.

"ಎರಡೂ?"

ಕತ್ತಿನಿಂದ ಕಿವಿಯವರೆಗೆ ಕೆಂಪಾಯಿತು. ಎಲ್ಲರೂ ಹೊರಗೆ ಬಂದು ತಲೆಯೆತ್ತಿ ನೋಡಿದರು. ಸೂರಿನ ಕೆಳಗೆ ಕಪ್ಪು ರಬ್ಬರು ಗುಂಡಗೆ, ನುಣ್ಣಗೆ ಹೊಳೆಯುತ್ತಿತ್ತು. ಒಂದು ಅಂಚೂ ಎದ್ದಿರಲಿಲ್ಲ.

"ಕೆಲಸ ಮಾತ್ರ ಚೆನ್ನಾಗಿದೆ" ಎಂದ ಬಡಗಿ.

"ಏಣಿ ಎಲ್ಲಿ ಭಾವ?"

"ಇನ್ನೊಬ್ಬರ ಮನೇಲಿ. ಬಾ, ಹತ್ತು." ಭಾವ ಮರಳು ಕೊಡವಿಕೊಂಡು ಗೋಡೆಗೆ ಕೈ ಕೊಟ್ಟು ಬಗ್ಗಿದ. ತೇಪೆಯಣ್ಣ ಅವನ ಹೆಗಲ ಮೇಲೆ ನಿಂತ. ಉಗುರು ಹಾಕಿದ, ಜಾರಿತು. ತನ್ನ ಕೆಲಸಕ್ಕೆ ತಾನೇ ಶಾಪ ಹಾಕಿದ. "ಏನಾದ್ರೂ ಕೊಡ್ರೋ! ಬೇಗ!"

"ಬೇಗ ಮಾಡಯ್ಯಾ, ನೀನೇನು ಹೂವಿನ ಬುಟ್ಟಿಯಲ್ಲ" ಎಂದು ಕೆಳಗಿನಿಂದ ಭಾವ.

ಹೆಂಡತಿ ಚೀಲಕ್ಕೆ ಕೈ ಹಾಕಿ ಕತ್ತರಿ ತೆಗೆದಳು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಕೆಲಸ ಕಲಿಸಿದ ಯಜಮಾನಿ ಕೊಟ್ಟದ್ದು. ಅದರಲ್ಲಿ ಕಾಗದ ಕತ್ತರಿಸಿದರೂ ಅವಳು ಎರಡು ದಿನ ಮಾತು ಬಿಡುತ್ತಿದ್ದಳು. ಒಂದು ಕ್ಷಣ ಅದನ್ನು ನೋಡಿದಳು. ಮೇಲಕ್ಕೆ ಚಾಚಿದಳು.

ತೇಪೆಯಣ್ಣ ಚುಚ್ಚಿದ, ಕೊಯ್ದ. ರಬ್ಬರಿನ ಹಿಂದೆ ತಂತಿಯ ಬಲೆಯಿತ್ತು, ಕತ್ತರಿ ಕಟಕಟ ಎಂದು ಅದನ್ನೂ ಕಚ್ಚಿತು. ಅಷ್ಟಾದರೂ ತೇಪೆ ಬಿಟ್ಟದ್ದು ಭಾವನ ಮೊಣಕಾಲು ನಡುಗಲು ಶುರುವಾದ ಮೇಲೆ. ಬಿಟ್ಟು ನೇರ ಭಾವನ ನೆತ್ತಿಯ ಮೇಲೇ ಬಿತ್ತು.

ಒಳಗೆ ಬಂದರು. ಬಾಗಿಲು ಹಾಕಿದರು. ಸ್ವಿಚ್ಚು ಒತ್ತಿದರು. ಹೆಂಡತಿ ಸ್ಟೂಲು ಹತ್ತಿ ದಾರ ಹಿಡಿದಳು. ಇಪ್ಪತ್ತೆರಡು ಜನರ ಕಣ್ಣು ಒಂದು ಮೊಳ ದಾರದ ಮೇಲೆ. ದಾರ ಒಂದು ಸಲ ಬೆಚ್ಚಿತು, ಆಮೇಲೆ ಕುಣಿಯತೊಡಗಿತು. ವೈರಿಂಗಿನವನು ಶಿಳ್ಳೆ ಹಾಕಿದ. ಅಕ್ಕ ಚಪ್ಪಾಳೆ ತಟ್ಟಿದಳು. ಐದೇ ನಿಮಿಷಕ್ಕೆ ಈರುಳ್ಳಿಯ ವಾಸನೆ ತೆಳುವಾಯಿತು.

ಹೆಂಡತಿ ಇಳಿದಳು. "ಟೀಗೆ ಇನ್ನೂ ಹೊತ್ತಿದೆ" ಎಂದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಮೇಲಿನ ಒಂದು ಗಂಟೆ ತೇಪೆಯಣ್ಣ ಹೆರಿಗೆ ಕೋಣೆಯ ಹೊರಗೆ ಕೂತ ಗಂಡನ ಹಾಗೆ ಕೂತಿದ್ದ. ಒಳಗೆ ಸದ್ದಿಲ್ಲ. ಎದ್ದ, ಕೂತ. ಬಾಗಿಲ ಕೆಳಗಿನ ಸಂದಿಗೆ ಕೆನ್ನೆ ಹಿಡಿದ. ಬೆಚ್ಚನೆಯ ಗಾಳಿ ನಿಧಾನವಾಗಿ ಹೊರಗೆ ಬರುತ್ತಿತ್ತು. ತಟ್ಟಲು ಕೈ ಎತ್ತಿದರೆ ತಾತ ಹಿಡಿದುಕೊಂಡ.

"ತಾತ, ನಿನಗೆ ಮೊದಲೇ ಗೊತ್ತಾಗಿರಲಿಲ್ವಾ?"

"ಸ್ವಿಚ್ ಹಾಕಿದ ಕೂಡಲೇ ಗೊತ್ತಾಯ್ತು. ಫ್ಯಾನಿನ ಸದ್ದು ತೆಳ್ಳಗಿತ್ತು."

"ಹೇಳಬಾರದಿತ್ತಾ!"

"ಸಿನಿಮಾ ಚೆನ್ನಾಗಿ ಓಡ್ತಿತ್ತು. ಮಧ್ಯದಲ್ಲಿ ಯಾಕೆ ನಿಲ್ಲಿಸಲಿ?"

ಟೀ ಆರಿತು. ತೇಪೆಯಣ್ಣನಿಗೆ ಇನ್ನು ತಡೆಯಲಾಗಲಿಲ್ಲ. ಬಾಗಿಲು ಒಂದು ಗೇಣು ಸರಿಸಿ ಇಣುಕಿದ. ಕಿಟಕಿ ಮುಚ್ಚಿತ್ತು. ಹೆಂಡತಿ ಪರದೆ ಬಟ್ಟೆಯ ರಾಶಿಯ ಮೇಲೆ ಮಗ್ಗುಲಾಗಿ, ಬಾಯಿ ಅರೆತೆರೆದು, ಗಾಢ ನಿದ್ದೆಯಲ್ಲಿದ್ದಳು. ಅವನು ಹಿಂದಿರುಗಿ ನೋಡಿದಾಗ ಅವನ ಮುಖ ಕಂಡ ಭಾವ ತಾನೇ ಎದ್ದು ಟೀ ಮತ್ತೆ ಬಿಸಿಗಿಟ್ಟ.

ಮಾರನೆಯ ದಿನ ಹೊಲಿಗೆ ಮೆಷೀನು ಬಂತು. ಅದೇ ದಿನ ಅವಳು ಪರದೆಯ ಅಂಚು ಕತ್ತರಿಸಲು ಕತ್ತರಿ ಎತ್ತಿಕೊಂಡಳು. ಕತ್ತರಿ ಬಟ್ಟೆಯನ್ನು ಕೊಯ್ಯಲಿಲ್ಲ, ಜಗಿಯಿತು. ಅಲಗಿನ ತುಂಬ ಹಲ್ಲು.

"ರೀ..."

"ಹೊಸದು ತಂದುಕೊಡ್ತೀನ್ಲೇ, ಇದೇನು ದೊಡ್ಡ ವಿಷಯ."

ಸಾಣೆ ಹಿಡಿಸಿದ, ಎರಡು ಸಲ. ಹಲ್ಲು ಹೋಯಿತು, ಅಲಗೂ ಸವೆದು ಒಂದಕ್ಕೊಂದು ಮುಟ್ಟದೆ ಹೋಯಿತು. ಹೊಸದು ತಂದ. "ಹಿಡಿ ಸರಿಯಿಲ್ಲ." ಇನ್ನೊಂದು ತಂದ. "ತೂಕ ಇಲ್ಲ, ಆಟದ ಸಾಮಾನು." ಮೂರನೆಯದನ್ನು ಅವಳು ಅಡುಗೆಮನೆಯಲ್ಲಿ ಹಾಲಿನ ಪ್ಯಾಕೆಟ್ಟು ಕತ್ತರಿಸಲು ಇಟ್ಟಳು. ನಾಲ್ಕು ವರ್ಷದಿಂದ ಅಂಗಡಿಯ ಸಿಟ್ಟು ಮನೆಗೆ ತಂದು ಅವನು ದನಿಯೆತ್ತಿದರೆ ಅವಳು ಮೆಷೀನಿನಿಂದ ತಲೆಯೆತ್ತದೆ ಒಂದೇ ಮಾತು ಹೇಳುತ್ತಾಳೆ: "ಮೊದಲು ನನ್ನ ಕತ್ತರಿ ಕೊಟ್ಟು ಆಮೇಲೆ ಕೂಗಿ. ಅದೊಂದು ಬಾಕಿ ಇರೋದಕ್ಕೆ ಈ ಡಬ್ಬೀಲಿ ಇದ್ದೀನಿ." ತೇಪೆಯಣ್ಣನ ಬಾಯಿ ಮುಚ್ಚಿಸಬಲ್ಲ ಮಾತು ಲೋಕದಲ್ಲಿ ಅದೊಂದೇ.

ಹೋದ ತಿಂಗಳು ಒಬ್ಬ ಮುದಿ ಟೈಲರ್ ಅಂಗಡಿ ಮುಚ್ಚುತ್ತಿದ್ದ. ಅಲ್ಲಿ ಸಿಕ್ಕಿತು: ಅದೇ ಗುರುತು, ಅದೇ ತೂಕ, ಅದೇ ಕರಿಯ ಹಿಡಿ. ತೇಪೆಯಣ್ಣ ಅದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ತಂದು ಅಂಗಡಿಯ ಡ್ರಾಯರಿನಲ್ಲಿ ವಾಲ್ವುಗಳ ಕೆಳಗೆ ಇಟ್ಟ. ಮೊನ್ನೆ ಭಾವ ಸ್ಕ್ರೂಡ್ರೈವರು ಹುಡುಕುತ್ತಾ ಅದನ್ನು ಕಂಡ.

"ಸಿಕ್ಕಿತಲ್ಲಯ್ಯಾ! ಇವತ್ತೇ ಕೊಟ್ಟು ತೀರಿಸಿಬಿಡು."

"ಸ್ಕ್ರೂಡ್ರೈವರ್ ಆ ಡಬ್ಬೀಲಿದೆ ಭಾವ" ಎಂದು ತೇಪೆಯಣ್ಣ ಡ್ರಾಯರು ಮುಚ್ಚಿದ.